ಎದುರಾಳಿ ಇಲ್ಲ ಅಂತ ಯಾರು ಹೇಳಿದ್ದು?

ಸ್ಪೀಡ್‌ರನ್ ಅಂದ್ರೆ ಒಬ್ರೇ ಕೂತು ಹಳೇ ಗೇಮ್ ಬೇಗ ಮುಗಿಸೋದು ಅಷ್ಟೇ, ಎದುರಾಳಿನೇ ಇಲ್ಲದ್ದನ್ನ ಸ್ಪರ್ಧೆ ಅನ್ನಕ್ಕಾಗಲ್ಲ ಅಂತ ಬರ್ದಿದೀರಲ್ಲ ಸರ್, ನಾನಂತೂ ಒಪ್ಪಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ತಗೊಳ್ಳಿ. ಕೊನೇದೊಂದು ಬಿಟ್ರೆ ಪ್ರತಿ ಲೆವೆಲ್ ಮುಗಿದ್ಮೇಲೂ ಮುಂದಿನದಕ್ಕೆ ಕಳಿಸ್ಬೇಕಾ ಅಂತ ಆ ಗೇಮ್ ನೋಡೋದೇ 21 ಫ್ರೇಮಿಗೆ (ಫ್ರೇಮ್ ಅಂದ್ರೆ ಪರದೆ ಮೇಲೆ ಸರಸರ ಬದಲಾಗೋ ಒಂದೊಂದು ಚಿತ್ರ) ಒಂದ್ಸಲ, ಅಂದ್ರೆ ಸುಮಾರು 0.35 ಸೆಕೆಂಡಿಗೊಮ್ಮೆ, ಒಂದೇ ಒಂದು ಫ್ರೇಮ್ ತಡ ಆದ್ರೂ ಮುಂದಿನ ಸರದಿ ತನಕ ಕಾಯ್ಬೇಕು! ಅದಕ್ಕೇ ಲೆವೆಲ್ ಕೊನೇಲಿರೋ ಬಾವುಟದ ಕಂಬದ ಬುಡದಲ್ಲಿ ಸರಿಯಾಗಿ ಹೋಗಿ ತಾಗಿ, ಬಾವುಟ ಇಳಿಯೋ ಅಷ್ಟು ಹೊತ್ತನ್ನೂ ಉಳಿಸೋ ಗ್ಲಿಚ್, ಅಂದ್ರೆ ಗೇಮ್‌ನಲ್ಲೇ ಇರೋ ದೋಷ, ಹುಡುಕಿದಾರೆ ಈ ಸ್ಪೀಡ್‌ರನ್ ಮಾಡೋರು. 2021ರಲ್ಲಿ ನಿಫ್ಟ್‌ಸ್ಕಿ ಅನ್ನೋ ಆಟಗಾರ 4 ನಿಮಿಷ 55 ಸೆಕೆಂಡಿನ ಒಳಗೆ ಮುಗಿಸಿದ್ದು ಯಾರನ್ನ ಸೋಲಿಸಿ ಹೇಳಿ? ಅದಕ್ಕೂ ಮುಂಚೆ ಅದೇ ಗೇಮ್‌ಗೆ ವರ್ಷಗಟ್ಟಲೆ ಕೂತೋರನ್ನೆಲ್ಲ.

ನೆಟ್‌ನಲ್ಲಿ ಆಡೋ ಟೀಮ್ ಗೇಮ್ ಕೆಟ್ಟದ್ದು ಅಂತಲ್ಲ, ನಾನೂ ಆಡ್ತೀನಿ, ಸ್ನೇಹಿತರ ಜೊತೆ ಕಿರುಚಾಡ್ಕೊಂಡು ಆಡೋ ಮಜಾನೇ ಬೇರೆ. ಆದ್ರೆ ತೀರ್ಥಹಳ್ಳಿ, ಹೊಸನಗರ ಕಡೆ ಆಷಾಢದ ಮಳೆ ಹಿಡ್ಕೊಂಡ್ರೆ ಕರೆಂಟೂ ಇಲ್ಲ ಟವರೂ ಇಲ್ಲ, ಆಟದ ಕೊನೇ ಸರ್ಕಲ್ಲಲ್ಲಿ ಪಿಂಗ್ ಏರಿ, ಅಂದ್ರೆ ನೆಟ್ ನಿಧಾನ ಆಗಿ, ಹುಡುಗ್ರು ಗೇಮ್‌ನಲ್ಲಿ ನಿಂತಲ್ಲೇ ಸಾಯ್ತಾರೆ, ಕೈಚಳಕ ಎಷ್ಟಿದ್ರೇನು ಬಂತು. ಸ್ಪೀಡ್‌ರನ್‌ಗೆ ನೆಟ್ ಬೇಡ. ರೆಕಾರ್ಡ್ ಮಾಡಿಟ್ಕೊಂಡು ಸಿಗ್ನಲ್ ಬಂದಾಗ ಹಾಕಿದ್ರೆ ಆಯ್ತು, ಬೆಂಗಳೂರಿನವ್ರಿಗೂ ನಮಗೂ ಒಂದೇ ಗಡಿಯಾರ.

ಶಿವಮೊಗ್ಗದಲ್ಲಿ ಟೂರ್ನಮೆಂಟ್ ಮಾಡೋರು ದಯವಿಟ್ಟು ಎಲ್ರನ್ನೂ ಒಂದೇ ಹಾಲ್‌ನಲ್ಲಿ ಕೂರ್ಸಿ ಲ್ಯಾನ್‌ನಲ್ಲಿ (ಹೊರಗಿನ ನೆಟ್ ಬೇಡದೆ ಹಾಲ್ ಒಳಗೇ ಜೋಡಿಸೋ ನೆಟ್‌ವರ್ಕ್) ಆಡಿಸ್ಲಿ, ಪಕ್ಕದಲ್ಲೇ ಎರಡು ಟಿವಿ ಇಟ್ಟು ಮಾರಿಯೋ ರೇಸ್ ಕೂಡ ಇಡ್ಲಿ, ಜನ ಎಲ್ಲಿ ಸೇರ್ತಾರೆ ನೀವೇ ಬಂದು ನೋಡಿ ಸರ್.