ನಿಮ್ಮಲ್ಲಿ ಜೀತದಾಳುಗಳಿದ್ದಾರೆಯೇ? ಹೌದು / ಇಲ್ಲ

ಹೋದ ತಿಂಗಳು ಪುಣೆಯ ನಮ್ಮ ಹಿಂಜವಡಿ ಆಫೀಸಿನಲ್ಲಿ ಗುಲಾಮಗಿರಿ ನಿರ್ಮೂಲನೆ ಆಯಿತು. ಬುಧವಾರ, ಊಟ ಆದಮೇಲೆ, ಸುಮಾರು ಇಪ್ಪತ್ತು ನಿಮಿಷ ಹಿಡಿಯಿತು. ಒಂದಿಷ್ಟು ಸ್ಲೈಡು, ಹತ್ತು ಪ್ರಶ್ನೆ, ಎಂಟು ಸರಿಯಾದರೆ ಸರ್ಟಿಫಿಕೇಟು. ಪಕ್ಕದ ಸೀಟಿನವನು ಸ್ಲೈಡುಗಳನ್ನು ಓಡಲು ಬಿಟ್ಟು ಕೆಳಗೆ ಹೋಗಿ ಚಹಾ ಕುಡಿದು ಬಂದ, ಅವನಿಗೆ ಹತ್ತಕ್ಕೆ ಹತ್ತು. ನನಗೆ ಏಳು. "ಕೆಲಸಗಾರರ ಗುರುತಿನ ಚೀಟಿಯನ್ನು ಮಾಲೀಕ ತನ್ನ ಹತ್ತಿರ ಇಟ್ಟುಕೊಂಡಿದ್ದರೆ ಏನು ಮಾಡುತ್ತೀರಿ?" ಅನ್ನೋ ಪ್ರಶ್ನೆಗೆ ನಾನು "ಹೋಗಿ ವಾಪಸ್ ಕೊಡಿಸುತ್ತೇನೆ" ಅಂತ ಒತ್ತಿದ್ದೆ. ತಪ್ಪು. ಸರಿ ಉತ್ತರ: "ಪೋರ್ಟಲ್‌ನಲ್ಲಿ ಟಿಕೆಟ್ ಹಾಕುತ್ತೇನೆ."

ಇದೆಲ್ಲ ಯಾಕೆ ಅಂದ್ರೆ, ನಮ್ಮ ದೊಡ್ಡ ಗಿರಾಕಿ ಲಂಡನ್ನಿನವರು. ಬ್ರಿಟನ್ನಿನಲ್ಲಿ 2015ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ಬಂತು. ವರ್ಷಕ್ಕೆ 3.6 ಕೋಟಿ ಪೌಂಡ್ ವಹಿವಾಟು ದಾಟಿದ ಕಂಪನಿ, ತನ್ನಲ್ಲಿ ಮತ್ತು ತನಗೆ ಮಾಲು ಒದಗಿಸುವವರಲ್ಲಿ ಜೀತ ನಡೆಯದ ಹಾಗೆ ಏನೇನು ಮಾಡಿದೆ ಅಂತ ವರ್ಷಕ್ಕೊಂದು ಹೇಳಿಕೆ ಬರೆಯಬೇಕು, ಡೈರೆಕ್ಟರ್ ಸಹಿ ಹಾಕಬೇಕು, ವೆಬ್‌ಸೈಟಿನ ಮೊದಲ ಪುಟದಲ್ಲೇ ಅದರ ಕೊಂಡಿ ಕಾಣಬೇಕು. ಇಲ್ಲಿವರೆಗೆ ಚೆನ್ನಾಗಿದೆ ಅಲ್ವಾ? ಮಜಾ ಮುಂದಿದೆ. "ನಾವು ಏನೂ ಮಾಡಿಲ್ಲ" ಅಂತ ಬರೆದು ಸಹಿ ಹಾಕಿದರೂ ಆ ಕಲಮಿನ ಪ್ರಕಾರ ಕಾನೂನು ಪಾಲಿಸಿದ ಹಾಗೇ. ವಿಜಯಪುರದ ನಮ್ಮ ಶಾಲೆಯಲ್ಲಿ ನಾನು "ಹೋಂವರ್ಕ್ ಮಾಡಿಲ್ಲ" ಅಂತ ದುಂಡಗೆ ಬರೆದು ಕೊಟ್ಟಿದ್ದರೆ ಮಾಸ್ತರು ಏನು ಕೊಡುತ್ತಿದ್ದರು ಅಂತ ನೆನೆಸಿಕೊಂಡರೆ ಈಗಲೂ ಅಂಗೈ ಉರಿಯುತ್ತದೆ.

ನನ್ನ ಕೆಲಸ ಏನು ಗೊತ್ತಾ? ನಮ್ಮ ವೆಂಡರ್‌ಗಳಿಗೆ ಒಂದು ಫಾರಂ ಕಳಿಸೋದು. "ನಿಮ್ಮಲ್ಲಿ ಬಲವಂತದ ದುಡಿಮೆ ಇದೆಯೇ? ಹೌದು / ಇಲ್ಲ." ಕಳ್ಳನ ಮನೆಗೆ ಪೋಸ್ಟಿನಲ್ಲಿ "ನೀವು ಕಳ್ಳರೇ?" ಅಂತ ಕೇಳಿ, ಉತ್ತರವನ್ನು ಫೈಲ್ ಮಾಡಿಡೋ ಪೊಲೀಸ್ ನಾನು. ಮೂರು ವರ್ಷದಲ್ಲಿ ಒಬ್ಬರೇ "ಹೌದು" ಅಂದಿದ್ದು, ಒಬ್ಬ ಹೌಸ್‌ಕೀಪಿಂಗ್ ಕಾಂಟ್ರಾಕ್ಟರ್. ಆಫೀಸಿಗೆ ಬೆಂಕಿ ಬಿದ್ದಂಗಾಯಿತು. ನಾಲ್ಕು ಕಾಲ್, ಎರಡು ಮೀಟಿಂಗ್. ಕೊನೆಗೆ ನಾನೇ ಫೋನ್ ಮಾಡಿದೆ. "ಸಾಹೇಬ್, ಎಲ್ಲದಕ್ಕೂ ಹೌದು ಅಂದ್ರೆ ಪಾಸ್ ಅಂದ್ಕೊಂಡೆ" ಅಂದ. ನೋಡಿದರೆ ನಿಜ, ಫಾರಂ ತುಂಬಾ ಹೌದೇ. ಪಿಎಫ್ ಕಟ್ಟುತ್ತೀರಾ, ಹೌದು. ವಾರಕ್ಕೊಂದು ರಜೆ ಕೊಡುತ್ತೀರಾ, ಹೌದು. ಓವರ್‌ಟೈಮಿಗೆ ದುಪ್ಪಟ್ಟು ಕೊಡುತ್ತೀರಾ, ಹೌದು. ಇಡೀ ಫಾರಂನಲ್ಲಿ ನಿಜ ಇರಬಹುದಾದ ಉತ್ತರ ಅದೊಂದೇ. ಅದನ್ನ ಮಾತ್ರ ನಾವು ತಿದ್ದಿಸಿದೆವು.

ಟ್ರೇನಿಂಗಿನ ಮೂರನೇ ಸ್ಲೈಡಿನಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು ಇತ್ತು: 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ನಮ್ಮ ಫಾರಂನಲ್ಲಿ ಸೊನ್ನೆ. ಎದುರು ಬಿಲ್ಡಿಂಗಿನವರದ್ದೂ ಸೊನ್ನೆ. ಹಾಗಾದ್ರೆ ಇಷ್ಟು ಜನ ದಿನಾ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋದಾದರೂ ಎಲ್ಲಿಗೆ?

ಫಾರಂ ಸಾಲದು, ಖುದ್ದು ಹೋಗಿ ಆಡಿಟ್ ಮಾಡಬೇಕು ಅನ್ನೋರಿದ್ದಾರೆ. 2012ರಲ್ಲಿ ಕರಾಚಿಯ ಒಂದು ಗಾರ್ಮೆಂಟ್ ಫ್ಯಾಕ್ಟರಿಗೆ ಎಸ್‌ಎ 8000 ಅನ್ನೋ ಹೆಸರಾಂತ ಸರ್ಟಿಫಿಕೇಟು, ಅಂದರೆ ಕೆಲಸಗಾರರನ್ನು ಸರಿಯಾಗಿ ನಡೆಸಿಕೊಳ್ಳುತ್ತಾರೆ ಅನ್ನೋ ಸರ್ಟಿಫಿಕೇಟು ಸಿಕ್ಕಿತು. ಕೆಲವೇ ವಾರಗಳಲ್ಲಿ ಅದಕ್ಕೆ ಬೆಂಕಿ ಬಿದ್ದು 250ಕ್ಕೂ ಜಾಸ್ತಿ ಜನ ಸತ್ತರು.

ನಮ್ಮ ಪಾರ್ಕಿಂಗ್ ಗೋಡೆಯ ಆಚೆ ಹೊಸ ಟವರ್ ಏಳ್ತಾ ಇದೆ. ಪಕ್ಕದಲ್ಲೇ ತಗಡಿನ ಶೆಡ್ಡುಗಳು. ಒಂದು ಸಂಜೆ ಅಲ್ಲಿ ಒಬ್ಬ ಹೆಣ್ಣುಮಗಳು ಮಗುವಿಗೆ ಕನ್ನಡದಲ್ಲಿ ಬಯ್ತಾ ಇದ್ದದ್ದು ಕೇಳಿ ನಿಂತೆ. ಪುಣೆಯಲ್ಲಿ ಕನ್ನಡದ ಬೈಗುಳ ಕೇಳಿದರೆ ತವರಿಗೆ ಹೋದಂಗಾಗುತ್ತದೆ.

"ಯಾವೂರು ಅಕ್ಕಾರ?"

"ಅಫಜಲಪುರ ಕಡಿ ರೀ ಅಣ್ಣಾರ. ಉಚಲ್ ತಗೊಂಡು ಬಂದೇವ್ರಿ."

ಉಚಲ್ ಅಂದರೆ ಮುಂಗಡ. ಅರವತ್ತು ಸಾವಿರವಂತೆ. ಆಧಾರ್ ಕಾರ್ಡು ಮುಕಾದಮ್, ಅಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ, ಅವನ ಹತ್ತಿರ. ಲೆಕ್ಕದ ವಹಿಯೂ ಅವನ ಹತ್ತಿರವೇ. ಊರಿಗೆ ಯಾವಾಗ ಹೋಗ್ತೀರಿ ಅಂದ್ರೆ, ಉಚಲ್ ಹರಿದ ಮ್ಯಾಲ. ನಾನು ದೊಡ್ಡ ಮನುಷ್ಯನ ಹಾಗೆ, 1976ರಲ್ಲೇ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಿದೆ, ಜೀತದ ಸಾಲ ತೀರಿಸಬೇಕಾಗೇ ಇಲ್ಲ, ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಅಂತ 1982ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂತೆಲ್ಲ ಕೊರೆದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇದು ಮುಕಾದಮ್‌ಗ ಗೊತ್ತದ ಏನ್ರೀ?"

ಮಾರನೇ ದಿನ ಕಲಿತ ಪಾಠದಂತೆ ಪೋರ್ಟಲ್‌ನಲ್ಲಿ ಟಿಕೆಟ್ ಹಾಕಿದೆ. ಎರಡು ದಿನದಲ್ಲಿ ಉತ್ತರ: ಆ ಜಾಗ ನಮ್ಮದಲ್ಲ, ನಮ್ಮ ಬಿಲ್ಡಿಂಗ್ ಮಾಲೀಕರ ಕಾಂಟ್ರಾಕ್ಟರಿನ ಸಬ್‌ ಕಾಂಟ್ರಾಕ್ಟರದ್ದು, ಟಿಯರ್ ನಾಲ್ಕು, ಅಂದರೆ ಸರಪಳಿಯ ನಾಲ್ಕನೇ ಮೆಟ್ಟಿಲು, ನಮ್ಮ ವ್ಯಾಪ್ತಿಗೆ ಬರೋದಿಲ್ಲ. ಟಿಕೆಟ್ ಕ್ಲೋಸ್. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಜೀತ ಕಂಡರೆ ಫೋನ್ ಮಾಡಿ ಅನ್ನೋ ಪೋಸ್ಟರ್ ನಮ್ಮಲ್ಲೂ ಇದೆ, ಇಲ್ಲ ಅನ್ನಲ್ಲ. ಇಂಗ್ಲಿಷಿನಲ್ಲಿ, ಕಾಫಿ ಮಷೀನಿನ ಮೇಲೆ. ಅದರ ಕೆಳಗೇ ಸಕ್ಕರೆ ಪುಡಿಕೆಗಳ ಡಬ್ಬಿ. ನಮ್ಮ ಶೀಟಿನಲ್ಲಿ ಸಕ್ಕರೆಗೆ ಹಸಿರು ಬಣ್ಣ, ರಿಸ್ಕ್ ಕಮ್ಮಿ ಅಂತ. ದೀಪಾವಳಿ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯೋ ಗ್ಯಾಂಗುಗಳು ಹೊರಡುತ್ತವೆ, ಈ ಕಡೆ ಕೊಲ್ಹಾಪುರ ಸಾಂಗ್ಲಿಗೂ ಬರುತ್ತವೆ, ಗಡಿ ದಾಟಿ ನಮ್ಮ ಬೆಳಗಾವಿಗೂ ಬರುತ್ತವೆ. ಅಲ್ಲೂ ಉಚಲ್ಲೇ. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕಕ್ಕೆ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಒಂದು ದಿನ ತಪ್ಪಿಸಿದರೆ ಖಾಡಾ ಅಂತ ದಂಡ ಹಿಡಿಯುತ್ತಾರೆ. ಮುಟ್ಟು, ಹೊಟ್ಟೆನೋವು ಅಂತ ಕೂತರೂ ಖಾಡಾನೇ. 2019ರಲ್ಲಿ ಬೀಡ್ ಜಿಲ್ಲೆಯ ಸುಮಾರು 82 ಸಾವಿರ ಕಬ್ಬಿನ ಹೆಣ್ಣುಮಕ್ಕಳನ್ನು ಸರ್ಕಾರವೇ ವಿಚಾರಿಸಿದಾಗ 13 ಸಾವಿರಕ್ಕೂ ಜಾಸ್ತಿ ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಇಲ್ಲಿ ತಮಾಷೆ ಮಾಡೋಕೆ ನನಗೆ ಬಾಯಿ ಬರ್ತಿಲ್ಲ. ನಮ್ಮ ಎಕ್ಸೆಲ್ ಶೀಟಿನಲ್ಲಿ ತಲೆ ಎಣಿಸೋ ಕಾಲಂ ಇದೆ, ಕುಡುಗೋಲು ಎಣಿಸೋ ಕಾಲಂ ಇಲ್ಲ, ಅಷ್ಟೇ ಹೇಳ್ತೀನಿ.

ಈಗ ಈ ವರ್ಷದ ಹೇಳಿಕೆ ತಯಾರಾಗಿದೆ. ಹನ್ನೆರಡು ಪುಟ, ಗುಂಡು ಅಕ್ಷರ, ಬಂದ ದೂರು ಸೊನ್ನೆ. ಮುಖಪುಟಕ್ಕೆ ನಗ್ತಾ ಇರೋ ಕೆಲಸಗಾರರ ಫೋಟೊ ಬೇಕಂತೆ, ವಿದೇಶದ ರೆಡಿಮೇಡ್ ಫೋಟೊ ಬೇಡವಂತೆ, ಇಲ್ಲಿಯದೇ ಆಗಬೇಕಂತೆ. ಗೋಡೆಯಾಚೆ ಚೆನ್ನಾಗಿ ನಗೋರು ಒಬ್ಬರಿದ್ದಾರೆ ಅಂದೆ. ಟಿಯರ್ ನಾಲ್ಕು ಅನ್ನೋದು ಯಾರಿಗೂ ನೆನಪಾಗಲಿಲ್ಲ, ಎಲ್ಲರಿಗೂ ಖುಷಿ. ಹಳದಿ ಹೆಲ್ಮೆಟ್ ಕೂಡ ತರಿಸಿದರು. ಒಂದೇ ತೊಡಕು: ಫೋಟೊ ಹಾಕಬೇಕಂದ್ರೆ ಆಕೆಯ ಒಪ್ಪಿಗೆ ಪತ್ರ ಬೇಕು, ಅದರ ಜೊತೆಗೆ ಆಧಾರ್ ಕಾರ್ಡಿನ ಜೆರಾಕ್ಸ್ ಲಗತ್ತಿಸಬೇಕು. ಮುಕಾದಮ್‌ನ ನಂಬರ್ ಯಾರ ಹತ್ತಿರ ಇದೆ ಅಂತ ಎಲ್ಲ ಹುಡುಕ್ತಾ ಇದ್ದಾರೆ.