ಮೂರನೇ ಕ್ಲಾಸಿನಲ್ಲೇ ಎಲ್ಲ ಮಕ್ಕಳಿಗೂ ಡಿಸ್ಲೆಕ್ಸಿಯಾ ತಪಾಸಣೆ ಬೇಕೇ?

ಪರ: ಕಾಯ್ದೆ ಇದೆ, ಪರೀಕ್ಷೆಯೂ ಇದೆ, ಇನ್ನೇನು ಬೇಕು?
– ಶಿಕ್ಷಕರ ತರಬೇತಿ ಕಾಲೇಜಿನ ಉಪನ್ಯಾಸಕಿ

ಪರವಾಗಿ ಬರೆದುಕೊಡಿ ಎಂದು ಕೇಳಿದರು, ಒಪ್ಪಿಕೊಂಡೆ. ವಾದ ಮಾಡೋಕೆ ಇದರಲ್ಲಿ ಜಾಸ್ತಿ ಏನೂ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ, ಕಲಿಕಾ ನ್ಯೂನತೆಯೂ ಅದರಲ್ಲಿ ಒಂದು. ಓದಿನ ತೊಡಕು ಡಿಸ್ಲೆಕ್ಸಿಯಾ, ಬರವಣಿಗೆಯದು ಡಿಸ್‌ಗ್ರಾಫಿಯಾ, ಲೆಕ್ಕದ್ದು ಡಿಸ್‌ಕ್ಯಾಲ್ಕುಲಿಯಾ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ.

2018ರ ಜನವರಿಯ ಕೇಂದ್ರದ ಮಾರ್ಗಸೂಚಿ ಇನ್ನೂ ಬಿಡಿಸಿ ಹೇಳಿತು. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ತಪಾಸಣೆ. ಮುಖ್ಯೋಪಾಧ್ಯಾಯರು ಮುಂದೆ ನಿಂತು ನಡೆಸುವ ಸಮಿತಿ ಪ್ರತಿ ಶಾಲೆಯಲ್ಲೂ ಇರಬೇಕು. ಶಾಲೆ ಹೆಸರು ಕಳಿಸಿದ ಮೇಲೆ ಮಕ್ಕಳ ಡಾಕ್ಟರು ಕಣ್ಣು, ಕಿವಿ ನೋಡುತ್ತಾರೆ. ಆಮೇಲೆ ಐಕ್ಯೂ ಪರೀಕ್ಷೆ. ಅದು 85ಕ್ಕಿಂತ ಜಾಸ್ತಿ ಇದ್ದರೆ ಕಲಿಕಾ ನ್ಯೂನತೆ ಪತ್ತೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆ. ಅಂದರೆ ಟೀಚರ್ ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಿದ ಕೂಡಲೇ ಮಗುವಿಗೆ ಯಾರೂ ಹಣೆಪಟ್ಟಿ ಕಟ್ಟುವುದಿಲ್ಲ.

ಕನ್ನಡದಲ್ಲಿ ಪರೀಕ್ಷೆಯೇ ಇಲ್ಲ ಅನ್ನುವುದು ಹಳೆಯ ಮಾತು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಕನ್ನಡದಲ್ಲೂ ಇದೆ. ಶಾಲೆಯಲ್ಲೇ ನ್ಯೂನತೆಗಳ ಮೊದಲ ತಪಾಸಣೆ ಮಾಡಲು ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ ಇದೆ. ಶಿಕ್ಷಕರಿಗೆ ಹೊರೆ ಜಾಸ್ತಿ ಅನ್ನುತ್ತಾರೆ. ಯಾವ ಕೆಲಸಕ್ಕೆ ಹಾಗನ್ನಲಿಲ್ಲ ಹೇಳಿ?

ಈಗ ಆಗುತ್ತಿರುವುದು ಏನು? ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ, ತಿಳಿವಳಿಕೆ ಮತ್ತು ದುಡ್ಡು ಎರಡೂ ಇರುವ ಅಪ್ಪ ಅಮ್ಮ ಸರ್ಟಿಫಿಕೇಟಿಗೆ ಓಡುತ್ತಾರೆ. ಅವರ ಮಕ್ಕಳಿಗೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಸರ್ಕಾರಿ ಶಾಲೆಯ ಅದೇ ತೊಂದರೆಯ ಹುಡುಗ ದಡ್ಡ ಅನ್ನಿಸಿಕೊಂಡೇ ಫೇಲಾಗುತ್ತಾನೆ. ಶಾಲೆಯೇ ಎಲ್ಲರನ್ನೂ ನೋಡಿದರೆ ಈ ತಾರತಮ್ಯ ಅಷ್ಟರಮಟ್ಟಿಗೆ ತಪ್ಪುತ್ತದೆ.

ಗುರುತಿಸಿದ ಮೇಲೆ ಕಲಿಸುವವರು ಯಾರು ಅಂತ ಕೇಳಿದರೆ ನನ್ನ ಬಳಿಯೂ ಗಟ್ಟಿ ಉತ್ತರವಿಲ್ಲ. ಕೇಳಿದ್ದು ತಪಾಸಣೆಯ ಬಗ್ಗೆ, ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ.

ವಿರೋಧ: ‘ಹಸು’ವನ್ನು ‘ಅಸು’ ಅಂತ ಬರೆದರೆ ಕಾಯಿಲೆಯೇ?
– ನಲಿ-ಕಲಿ ಶಿಕ್ಷಕಿ, ಕೋಲಾರ ಜಿಲ್ಲೆ

ಹಣೆಪಟ್ಟಿ ಕಟ್ಟಲ್ಲ ಅಂತ ಕಾಲೇಜಿನ ಮೇಡಂಗಳು ಹೇಳುತ್ತಾರೆ. ಒಂದು ಸಲ ನಮ್ಮ ಊರಿಗೆ ಬನ್ನಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮದು ನಲಿ-ಕಲಿ ಪದ್ಧತಿ, ನನ್ನ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂತು ಕಾರ್ಡುಗಳಿಂದ ಕಲಿಯುತ್ತಾರೆ. ಒಂದು ಗುಂಪಿಗೆ ಕಾರ್ಡು ಕೊಟ್ಟು ತಿರುಗುವಷ್ಟರಲ್ಲಿ ಇನ್ನೊಂದು ಗುಂಪು ಜಗಳಕ್ಕೆ ನಿಂತಿರುತ್ತದೆ. ಇದರ ನಡುವೆ ಗ್ರೂಪಿನಲ್ಲಿ ಮೆಸೇಜು: ‘ಇಂದು ಸಂಜೆಯೊಳಗೆ ಚೆಕ್‌ಲಿಸ್ಟ್ ಭರ್ತಿ ಮಾಡಿ ಕಳಿಸಿ.’ ಅಕ್ಷರ ಬಿಟ್ಟು ಬರೆಯುತ್ತದೆಯೇ? ಹೌದು. ಹೇಳಿದ್ದನ್ನು ಮತ್ತೆ ಮತ್ತೆ ಹೇಳಬೇಕೇ? ಹೌದು. ನಮ್ಮ ಕಡೆ ದೊಡ್ಡವರೇ ಹಾಲಿಗೆ ‘ಆಲು’ ಅನ್ನುತ್ತಾರೆ ಕಣ್ರೀ. ಮಗು ಕೇಳಿದ ಹಾಗೆ ಬರೆಯುತ್ತದೆ. ಅರ್ಧ ಮಕ್ಕಳ ಮನೆಮಾತು ತೆಲುಗು, ಇನ್ನು ಕೆಲವರದು ಉರ್ದು. ಮೇಲಾಗಿ ಕನ್ನಡದ ಒತ್ತಕ್ಷರ, ಗುಣಿತ ಎಲ್ಲ ಕೈಗೆ ಕೂರಬೇಕಾದರೆ ಮಗು ನಾಲ್ಕನೇ ತರಗತಿ ದಾಟಬೇಕು. ಮೂರರಲ್ಲೇ ತಕ್ಕಡಿ ಹಿಡಿದರೆ ಹೇಗೆ?

ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ನೋಡಿ. ದೇಶದ ಹಳ್ಳಿಗಳಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 27.1 ಮಾತ್ರ. ಉಳಿದವರಿಗೆಲ್ಲ ಡಿಸ್ಲೆಕ್ಸಿಯಾ ಅಂತೀರಾ? ಕಲಿಸುವುದರಲ್ಲಿ ಇರುವ ಕೊರತೆಯನ್ನು ಮಗುವಿನ ತಲೆಗೆ ಕಟ್ಟೋದು ಸುಲಭ, ಅದಕ್ಕೇ ಮೇಲಿನವರಿಗೆ ಈ ಪಟ್ಟಿಯ ಮೇಲೆ ಇಷ್ಟು ಪ್ರೀತಿ.

ನಮ್ಮಲ್ಲಿ ಒಬ್ಬ ಹುಡುಗಿ ಇದ್ದಳು. ಅಮ್ಮ ಟೊಮೆಟೊ ಬಿಡಿಸುವ ಕೂಲಿ. ಹುಡುಗಿ ಬೋರ್ಡ್ ಮೇಲಿನದನ್ನು ಚೆನ್ನಾಗಿ ನಕಲು ಮಾಡುತ್ತಿದ್ದಳು. ಉಕ್ತಲೇಖನ ಕೊಟ್ಟರೆ ಮಾತ್ರ ಎಲ್ಲ ಅದಲು ಬದಲು. ಚೆಕ್‌ಲಿಸ್ಟಿನ ಪ್ರಕಾರ ಅವಳ ಹೆಸರು ಹೋಯಿತು. ಮಾರನೇ ದಿನವೇ ಊರಲ್ಲಿ ಸುದ್ದಿ: ‘ಆ ಮಗೂಗೆ ತಲೆ ಸರಿ ಇಲ್ಲವಂತೆ.’ ಅಮ್ಮ ಶಾಲೆಯ ಗೇಟಿನಲ್ಲೇ ನಿಂತು ಅತ್ತರು. ‘ಮನೇಲಿ ನೀರು ತರ್ತಾಳೆ, ಅಂಗಡಿ ಲೆಕ್ಕ ಹೇಳ್ತಾಳೆ, ಇನ್ನೇನು ಬುದ್ಧಿ ಬೇಕು ಮೇಡಂ?’ ಅಂದರು. ಕೂಲಿ ಬಿಟ್ಟು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋದರೆ ನೋಡುವ ಡಾಕ್ಟರು ಆ ದಿನ ಇಲ್ಲ, ಇನ್ನೊಂದು ದಿನ ಬನ್ನಿ ಅಂದರಂತೆ. ಕೊನೆಗೆ ಡಾಕ್ಟರು ಸಿಕ್ಕಿ ಕಿವಿಗೆ ಟಾರ್ಚ್ ಬಿಟ್ಟು ನೋಡಿದರು. ಎರಡೂ ಕಿವಿ ಸೋರುತ್ತಿತ್ತು! ಮಗುವಿಗೆ ನಾವು ಹೇಳಿದ್ದು ಅರ್ಧಂಬರ್ಧ ಕೇಳಿಸುತ್ತಿತ್ತು, ಅಷ್ಟೇ. ಔಷಧಿ ಆಯಿತು, ಮುಂದಿನ ಸಾಲಿಗೆ ಕೂರಿಸಿದೆವು, ಓದು ಕೂಡಿಕೊಂಡಿತು. ತಪಾಸಣೆ ಮಾಡಿದ್ದಕ್ಕೇ ಕಿವಿ ಗೊತ್ತಾಯಿತಲ್ಲ ಅಂತ ನಮ್ಮ ಹೆಡ್‌ಮಾಸ್ತರು ಈಗಲೂ ವಾದ ಮಾಡುತ್ತಾರೆ. ಕಿವಿ ನೋಡಲು ಡಿಸ್ಲೆಕ್ಸಿಯಾ ಪಟ್ಟಿ ಯಾಕೆ ಬೇಕು? ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳ ಆರೋಗ್ಯ ನೋಡಲೆಂದೇ ಸರ್ಕಾರದ ಆರ್‌ಬಿಎಸ್‌ಕೆ ತಂಡಗಳಿವೆ.

ಆ ಹುಡುಗಿಯನ್ನು ಜೊತೆಯವರು ಆಮೇಲೂ ‘ಪಟ್ಟಿ’ ಅಂತಲೇ ಕರೆಯುತ್ತಿದ್ದರು.

ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದಂತೆ. ಅದು ಬೆಂಗಳೂರಿನ ದೊಡ್ಡ ಸ್ಕೂಲುಗಳ ತಲೆನೋವು ಬಿಡಿ. ನಮ್ಮ ಮಕ್ಕಳಿಗೆ ಈಗ ಬೇಕಿರುವುದು ಪಕ್ಕದಲ್ಲಿ ಕೂತು ಓದಿಸುವವರು. ವಿಶೇಷ ಶಿಕ್ಷಕರು, ಅದೇ ಬಿಐಇಆರ್‌ಟಿಗಳು, ಇರುವುದು ತಾಲ್ಲೂಕು ಮಟ್ಟದಲ್ಲಿ. ಅದೂ ಬೆರಳೆಣಿಕೆ. ನಡೆಯಲಾಗದ ಮಕ್ಕಳ ಮನೆಗೆ ಹೋಗಿ ಬರುವುದರಲ್ಲೇ ಅವರ ವಾರ ಮುಗಿಯುತ್ತದೆ. ಪಟ್ಟಿ ಕೊಟ್ಟರೆ ಕಲಿಸಲು ಯಾರು ಬರುತ್ತಾರೆ?

ಮೂರನೇ ತರಗತಿಗೆ ಒಬ್ಬ ಪ್ರತ್ಯೇಕ ಟೀಚರ್ ಕೊಡಿ. ಒಂದೆರಡು ವರ್ಷ ಬಿಟ್ಟು ಐದನೇ ತರಗತಿಯಲ್ಲಿ ಹೆಸರು ಕೇಳಿ. ಆಗ ಯಾವ ಮಗುವಿಗೆ ನಿಜವಾದ ತೊಂದರೆ ಇದೆ ಅಂತ ಆ್ಯಪ್ ಇಲ್ಲದೆಯೂ ಹೇಳುತ್ತೇನೆ.