ಬರೆ ಬೇರೆ, ಹೆಸರು ಬೇರೆ

ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿ ಎದುವಾರ್ ಮಾನೆ 1882ರಲ್ಲಿ ಮುಗಿಸಿದ ಒಂದು ದೊಡ್ಡ ವರ್ಣಚಿತ್ರವಿದೆ. ಪ್ಯಾರಿಸ್ಸಿನ ಮನರಂಜನಾ ಮಂದಿರವೊಂದರ ಬಾರು, ಅಮೃತಶಿಲೆಯ ಕಟ್ಟೆಯ ಹಿಂದೆ ದಣಿದ ಕಣ್ಣಿನ ಹುಡುಗಿ, ಅವಳ ಬೆನ್ನಿಗೆ ಗೋಡೆಯಗಲದ ಕನ್ನಡಿ. ನೋಡಲು ಬಂದವರೆಲ್ಲ ಹುಡುಗಿಯ ಮುಖದ ಮುಂದೆ ನಿಲ್ಲುತ್ತಾರೆ. ನನ್ನ ಹೊಟ್ಟೆಪಾಡು ಬೇರೆ, ಹಾಗಾಗಿ ನಾನು ಬಾಟಲಿಗಳನ್ನು ನೋಡುತ್ತೇನೆ. ಕಟ್ಟೆಯ ಎರಡೂ ಕಡೆ ಕೆಂಪು ತ್ರಿಕೋನದ ಚೀಟಿ ಹೊತ್ತ ಬಿಯರ್ ಬಾಟಲಿಗಳಿವೆ. ಅದು ಬಾಸ್ ಕಂಪನಿಯ ಗುರುತು. ಬ್ರಿಟನ್ನಿನಲ್ಲಿ 1876ರಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಶುರುವಾದಾಗ ಮೊಟ್ಟಮೊದಲು ದಾಖಲಾದದ್ದು ಅದೇ ತ್ರಿಕೋನ. ಎಡಗಡೆಯ ಇನ್ನೊಂದು ಬಾಟಲಿಯ ಚೀಟಿಯ ಮೇಲೆ ಏನೋ ಗೀಚಿದಂತಿದೆ. ಹತ್ತಿರ ಹೋಗಿ ನೋಡಿದರೆ ಮಾನೆಯ ಸಹಿ, ಪಕ್ಕದಲ್ಲಿ ಇಸವಿ.

ಕಲೆಗೂ ವ್ಯಾಪಾರಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ ಎಂದು ಯಾರಾದರೂ ಗಂಭೀರವಾಗಿ ಹೇಳತೊಡಗಿದರೆ ನನಗೆ ಆ ಸಹಿ ನೆನಪಾಗುತ್ತದೆ. ತನ್ನ ಹೆಸರನ್ನು ಎಲ್ಲಿಡಬೇಕು ಎಂದು ಯೋಚಿಸಿದ ಚಿತ್ರಕಾರ ಕೊನೆಗೆ ಆರಿಸಿಕೊಂಡದ್ದು ಮಾರಾಟದ ಬಾಟಲಿಯನ್ನು. ಸಾಲ್ವಡೋರ್ ಡಾಲಿ 1969ರಲ್ಲಿ ಚೂಪಾ ಚುಪ್ಸ್ ಲಾಲಿಪಾಪಿಗೆ ಹೂವಿನಾಕಾರದ ಲಾಂಛನ ಬರೆದುಕೊಟ್ಟದ್ದೂ ಇದೇ ಜಾತಿಯ ಸಂಗತಿ, ಆದರೆ ಡಾಲಿಗೆ ಹಣದ ಮೋಹ ಇತ್ತೆಂದು ಎಲ್ಲರಿಗೂ ಗೊತ್ತಿರುವುದರಿಂದ ಅದರಲ್ಲಿ ಅಷ್ಟು ಸ್ವಾರಸ್ಯವಿಲ್ಲ.

ಕರ್ನಾಟಕ ಬಿಟ್ಟು ಬಹಳ ವರ್ಷಗಳಾದವು. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಬ್ರ್ಯಾಂಡ್ ಸಲಹೆಗಾರ ಎಂದಿದೆ. ಹಗಲೆಲ್ಲ ಇಂಗ್ಲಿಷಿನಲ್ಲಿ ವಾದ ಮಾಡುತ್ತೇನೆ, ವಾದಕ್ಕೆ ಬೇಕಾದ ಸರಕನ್ನು ಒಳಗೆ ಕನ್ನಡದಲ್ಲೇ ಹೊಂದಿಸಿಕೊಳ್ಳುತ್ತೇನೆ. ಎರಡು ಭಾಷೆಗಳ ನಡುವೆ ಹೀಗೆ ಓಡಾಡುವವನಿಗೆ ಒಂದು ಅನುಕೂಲವಿದೆ: ಕಸುಬಿನ ಮಾತುಗಳು ಎಲ್ಲಿ ಸಡಿಲವಾಗಿವೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಬ್ರ್ಯಾಂಡ್ ಎಂಬ ಪದದ ಬೇರು ಸುಡುವುದರಲ್ಲಿದೆ. ಕೊಳ್ಳಿ, ಕೆಂಡ, ಆಮೇಲೆ ದನದ ತೊಡೆಗೆ ಕಾದ ಕಬ್ಬಿಣದಿಂದ ಒತ್ತಿದ ಒಡೆಯನ ಗುರುತು. ಕನ್ನಡದಲ್ಲಿ ಅದಕ್ಕೆ ಬರೆ ಎನ್ನುತ್ತೇವೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂಬ ಗಾದೆಯಲ್ಲಿ ನನ್ನ ವೃತ್ತಿಯ ಅರ್ಧ ಚರಿತ್ರೆ ಅಡಗಿದೆ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರ ಕೈಯಲ್ಲಿ ಯಾವುದೋ ಹುಲಿಯ ಫೋಟೋ ಇರುತ್ತದೆ.

ಆದರೆ ಅವರಿಗೆ ನಿಜವಾಗಿ ಬೇಕಾದದ್ದಕ್ಕೆ ಕನ್ನಡದಲ್ಲಿ ಇನ್ನೊಂದು ಪದವಿದೆ, ಹೆಸರು. ಹೆಸರು ಮಾಡಿದ, ಹೆಸರು ಉಳಿಸಿದ, ಹೆಸರು ಕೆಡಿಸಿಕೊಂಡ, ಹೆಸರಿಗೆ ಮಸಿ ಬಳಿದ. ಬರೆಯನ್ನು ಒಂದು ಮಧ್ಯಾಹ್ನದಲ್ಲಿ ಎಳೆಯಬಹುದು. ಹೆಸರು ಇನ್ನೊಬ್ಬರ ಬಾಯಿಂದ ಬರಬೇಕು, ಅದಕ್ಕೆ ಹಿಡಿಯುವ ಕಾಲ ಯಾರ ಕೈಯಲ್ಲೂ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ನಡೆಯುವುದರಿಂದ ಬರೆಯನ್ನು ಮಾರಿ ಹೆಸರಿನ ಬಿಲ್ಲು ಕೊಡುವುದು ನಮ್ಮಂಥವರಿಗೆ ಸಲೀಸಾಗಿದೆ.

ಒಮ್ಮೆ ಸಹೋದ್ಯೋಗಿಗಳಿಗೆ ವಚನಗಳ ಅಂಕಿತದ ವಿಷಯ ಹೇಳಿದೆ. ಕೊನೆಯಲ್ಲಿ ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕ. ಬರೆದವರ ಹೆಸರೇ ಇಲ್ಲ, ಆದರೂ ಯಾರದೆಂದು ಗೊತ್ತಾಗುತ್ತದೆ ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬರು ಕೇಳಿದರು: "ಹಾಗಾದರೆ ಅದರ ಹಕ್ಕು ಯಾರ ಬಳಿ ಇದೆ?" ಕೇಳಿದ್ದರಲ್ಲಿ ತಪ್ಪಿಲ್ಲ, ಅವರು ನಮ್ಮ ಕಾನೂನು ವಿಭಾಗದವರು.

ಗುರುತು ಮಾಡುವ ಕೆಲಸದಲ್ಲಿ ಎರಡು ರೀತಿಗಳಿವೆ. ಒಂದರ ಪ್ರತಿನಿಧಿ ಅಮೆರಿಕದ ಲಾಂಛನ ವಿನ್ಯಾಸಕಾರ ಪಾಲ್ ರ‍್ಯಾಂಡ್. 1986ರಲ್ಲಿ ಸ್ಟೀವ್ ಜಾಬ್ಸ್ ತನ್ನ ನೆಕ್ಸ್ಟ್ ಕಂಪನಿಗೆ ಲಾಂಛನ ಮಾಡಿಕೊಡಿ, ಕೆಲವು ಮಾದರಿ ತೋರಿಸಿ ಎಂದಾಗ ರ‍್ಯಾಂಡ್ ಒಪ್ಪಲಿಲ್ಲ. ಒಂದೇ ಕೊಡುತ್ತೇನೆ, ಬಳಸುವುದು ಬಿಡುವುದು ನಿಮ್ಮಿಷ್ಟ, ಹಣ ಮಾತ್ರ ಕೊಡಬೇಕು ಎಂದರು. ಕೊಟ್ಟದ್ದು ಒಂದೇ ಲಾಂಛನ, ಜೊತೆಗೆ ಅದನ್ನು ವಿವರಿಸುವ ನೂರು ಪುಟದ ಪುಸ್ತಿಕೆ. ಪಡೆದದ್ದು ಒಂದು ಲಕ್ಷ ಡಾಲರ್. ಇನ್ನೊಂದು ರೀತಿಯ ಕಥೆ 1971ರದ್ದು. ಪೋರ್ಟ್‌ಲೆಂಡಿನ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್ ಕೆಲವು ಚಿತ್ರ ಬಿಡಿಸಿ ತೋರಿಸಿದರು, ನೈಕಿಯ ಫಿಲ್ ನೈಟ್ ಒಂದನ್ನು ಅರೆಮನಸ್ಸಿನಿಂದ ಒಪ್ಪಿದರು, ಆಕೆಗೆ ಸಿಕ್ಕಿದ್ದು 35 ಡಾಲರ್. ಕಂಪನಿ ಬೆಳೆದ ಮೇಲೆ ಷೇರುಗಳನ್ನೂ ಕೊಟ್ಟರು ಎನ್ನುವುದನ್ನು ಸೇರಿಸದಿದ್ದರೆ ಅನ್ಯಾಯವಾದೀತು.

ಈ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ನನ್ನನ್ನು ಅನುಮಾನದಿಂದ ನೋಡುವವರಿದ್ದಾರೆ. ನೋಡಲಿ. ರ‍್ಯಾಂಡ್ ಮಾಡಿದ್ದು ಅದ್ಭುತವಾದ ಗುರುತೇ. ನೆಕ್ಸ್ಟ್ 1993ರಲ್ಲಿ ಕಂಪ್ಯೂಟರ್ ತಯಾರಿಕೆ ನಿಲ್ಲಿಸಿತು, ಆಮೇಲೆ ಆಪಲ್ ಪಾಲಾಯಿತು, ಗುರುತು ಪಾಠಪುಸ್ತಕ ಸೇರಿತು. ಅರೆಮನಸ್ಸಿನ 35 ಡಾಲರಿನ ಗೀರು ಜಗತ್ತಿನ ಕಾಲುಗಳ ಮೇಲೆಲ್ಲ ಓಡಾಡುತ್ತಿದೆ. ಗೀರಿಗೆ ಹೆಸರು ಬಂದದ್ದು ಶೂ ಹಾಕಿಕೊಂಡು ಓಡಿದವರಿಂದ.

ನಾನು ಮೂರು ಮಾದರಿ ತೋರಿಸುತ್ತೇನೆ. ರ‍್ಯಾಂಡ್‌ನ ಗತ್ತು ನನಗಿಲ್ಲ, ತಿಂಗಳ ಕೊನೆಗೆ ಸಂಬಳ ಕೊಡಬೇಕಾದವರಿದ್ದಾರೆ. ಗುಟ್ಟು ರಟ್ಟು ಮಾಡುವುದಾದರೆ, ಮೂರರಲ್ಲಿ ಒಂದು ನನಗೆ ಬೇಕಾದದ್ದು, ಎರಡು ಅದರ ಅಂದ ಹೆಚ್ಚಿಸಲು ಕೂರಿಸಿದ ಗೊಂಬೆಗಳು. ಗಿರಾಕಿಯ ಸಮಿತಿ ಮೊದಲನೆಯದರ ಅಕ್ಷರ, ಎರಡನೆಯದರ ಬಣ್ಣ, ಮೂರನೆಯದರ ಆಕಾರ ಸೇರಿಸಿ ಎನ್ನುತ್ತದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಆ ಮಟ್ಟಿಗೆ ರ‍್ಯಾಂಡ್ ಹೇಳಿದ್ದು ಸರಿ.

ಸಮಿತಿಯನ್ನು ಬೈಯುವುದು ಸುಲಭ, ನಮ್ಮ ಕಡೆಯ ತಪ್ಪು ಅದಕ್ಕಿಂತ ದೊಡ್ಡದು. ಹಣ್ಣಿನ ರಸ ಮಾರುವ ಟ್ರಾಪಿಕಾನಾ 2009ರ ಜನವರಿಯಲ್ಲಿ ತನ್ನ ಡಬ್ಬಿಯ ಹಳೆಯ ಚಿತ್ರವನ್ನು, ಅಂದರೆ ಸ್ಟ್ರಾ ಚುಚ್ಚಿದ ಕಿತ್ತಳೆಯನ್ನು ತೆಗೆದು ರಸ ತುಂಬಿದ ಲೋಟವನ್ನು ಹಾಕಿತು. ವಿನ್ಯಾಸಕಾರರ ಕಣ್ಣಿಗೆ ಅದು ಶುಭ್ರ, ಆಧುನಿಕ. ಅಂಗಡಿಯ ಕಪಾಟಿನ ಮುಂದೆ ನಿಂತವರಿಗೆ ಮಾತ್ರ ದಿನಾ ಕೊಳ್ಳುವ ಡಬ್ಬಿಯೇ ಕಾಣಿಸಲಿಲ್ಲ. ಎರಡು ತಿಂಗಳು ತುಂಬುವುದರೊಳಗೆ ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು, ಕಿತ್ತಳೆ ವಾಪಸ್ಸು ಬಂತು. ರುಚಿ ಬದಲಾಗಿರಲಿಲ್ಲ. ಸಮಾನರು ಮೆಚ್ಚಬೇಕೆಂಬ ಆಸೆ ಕಲಾವಿದನಿಗೆ ಇದ್ದರೆ ನಷ್ಟವೇನೂ ಇಲ್ಲ, ಬೇಕಾದರೆ ಅವನು ನೂರು ವರ್ಷ ಕಾಯಬಹುದು. ವಿನ್ಯಾಸಕಾರನಿಗೆ ಅದೇ ಆಸೆ ಅಂಟಿದರೆ ಅದರ ಬೆಲೆಯನ್ನು ಬೇರೆ ಯಾರೋ ಕಟ್ಟುತ್ತಾರೆ.

ಬರೆಯೇ ಬೇಡವೆಂದವರೂ ಇದ್ದಾರೆ. ಜಪಾನಿನ ಮುಜಿ 1980ರಲ್ಲಿ ನಲವತ್ತು ಸಾಮಾನುಗಳೊಂದಿಗೆ ಆರಂಭವಾಯಿತು. ಪೂರ್ತಿ ಹೆಸರು ಮುಜಿರುಶಿ ರ‍್ಯೋಹಿನ್, ಅರ್ಥ ಗುರುತಿಲ್ಲದ ಒಳ್ಳೆಯ ವಸ್ತು. ಗುರುತಿಲ್ಲ ಎನ್ನುವುದೇ ಈಗ ಅವರ ಗುರುತಾಗಿದೆ ಎಂದು ನಗುವುದುಂಟು. ನನಗೆ ಅದಕ್ಕಿಂತ ಹಿಡಿಸುವುದು ಅವರು ಮೊದಲು ಮಾರಿದ ವಸ್ತುಗಳಲ್ಲೊಂದು: ಮುರಿದ ಒಣ ಅಣಬೆ. ಹೇಗೂ ಹೆಚ್ಚಿ ಪಾತ್ರೆಗೆ ಹಾಕುವ ಅಣಬೆ ಇಡಿಯಾಗಿ ಇರಬೇಕೇಕೆ ಎಂದು ಯೋಚಿಸಿದವರು ವಿನ್ಯಾಸವನ್ನು ಚೀಟಿಗಿಂತ ಮೊದಲೇ ಮುಗಿಸಿದ್ದರು.

ನನಗೆ ಇದು ತಲೆಗೆ ಹತ್ತಿದ್ದು ನೀರೆತ್ತುವ ಪಂಪು ತಯಾರಿಸುವ ಒಂದು ಕುಟುಂಬದ ಕಂಪನಿಯಲ್ಲಿ. ಮೂರನೆಯ ತಲೆಮಾರಿನ ಮಾಲೀಕ ಮೊಬೈಲ್ ಕಂಪನಿಯೊಂದರ ಜಾಹೀರಾತು ತೋರಿಸಿ, ನಮ್ಮ ಹೆಸರೂ ಹೀಗೆ ತೆಳ್ಳಗೆ ಇರಲಿ ಎಂದ. ಇದು ಹುಲಿ, ನೀನು ನರಿ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಹೇಳಲಿಲ್ಲ. ಹಾಗೆಯೇ ಮಾಡಿದೆ, ಪರದೆಯ ಮೇಲೆ ಚೆನ್ನಾಗಿಯೂ ಕಂಡಿತು. ಅವರ ಪಂಪಿನ ಮೈಮೇಲೆ ಹೆಸರು ಉಬ್ಬಕ್ಷರದಲ್ಲಿ ಎರಕವಾಗಿ ಬರುತ್ತದೆ ಎನ್ನುವುದನ್ನು ನಾನು ಮರೆತಿರಲಿಲ್ಲ, ಯೋಚಿಸಿಯೇ ಇರಲಿಲ್ಲ.

ಎರಕದ ಮನೆಯಿಂದ ಮಾದರಿ ಬಂತು. ಎರಡು ಅಕ್ಷರ ಅರ್ಧಕ್ಕೇ ನಿಂತಿದ್ದವು, ಒಂದರ ಹೊಟ್ಟೆಯ ತೂತು ಮುಚ್ಚಿಹೋಗಿತ್ತು. ಮರದ ಅಚ್ಚು ಕೊರೆಯುವ ಹಿರಿಯರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಗೀರು ಇಷ್ಟು ಸಣ್ಣದಾದರೆ ಕಬ್ಬಿಣ ತುದಿ ಮುಟ್ಟುವ ಮೊದಲೇ ತಣ್ಣಗಾಗುತ್ತದೆ. ತೂತಿನ ಜಾಗದಲ್ಲಿರುವ ಮರಳು ಕಡಲೆಕಾಳಿನಷ್ಟಿದ್ದರೆ ಕೊಚ್ಚಿಹೋಗುತ್ತದೆ." ಅಕ್ಷರದ ಅಂಚು ಸ್ವಲ್ಪ ಓರೆಯಾಗಿರಬೇಕು, ಇಲ್ಲದಿದ್ದರೆ ಅಚ್ಚನ್ನು ಮೇಲೆತ್ತುವಾಗ ಮರಳು ಕಿತ್ತುಬರುತ್ತದೆ ಎಂದೂ ತೋರಿಸಿದರು. ಆಮೇಲೆ ಹಳೆಯ ಪಂಪೊಂದರ ಮೇಲೆ ನನ್ನ ಕೈ ಹಿಡಿದು ಆಡಿಸಿದರು. ದಪ್ಪ, ಗಿಡ್ಡ, ಅಂದವಿಲ್ಲದ ಅಕ್ಷರಗಳು. "ರಾತ್ರಿ ಹೊತ್ತು ರಿಪೇರಿಗೆ ಇಳಿದವನು ಗ್ರೀಸು ಒರೆಸಿ ಇದನ್ನು ಬೆರಳಿನಲ್ಲೇ ಓದುತ್ತಾನೆ. ಯಾವ ಕಂಪನಿಯದೆಂದು ಗೊತ್ತಾದ ಮೇಲೆ ಯಾವ ಪಾನಾ ಬೇಕೆಂದು ಮೇಲಿದ್ದವನಿಗೆ ಕೂಗಿ ಹೇಳುತ್ತಾನೆ."

ಹೊಸ ಅಕ್ಷರಗಳನ್ನು ಕೈಬಿಟ್ಟೆವು. ಹಳೆಯವುಗಳಲ್ಲಿ ಪದೇ ಪದೇ ಮುಚ್ಚಿಹೋಗುತ್ತಿದ್ದ ಎರಡು ತೂತುಗಳನ್ನು ಎರಡೆರಡು ಮಿಲಿಮೀಟರು ಅಗಲ ಮಾಡಿದೆ, ಅಷ್ಟೇ. ಅಚ್ಚಿನವರು ನೋಡಿ ತಲೆಯಾಡಿಸಿದರು. ಮಾಲೀಕನಿಗೆ ಮುಖ ಸಪ್ಪಗಾಗಿತ್ತು, ಆದರೂ ಒಪ್ಪಿದ. ಬಿಲ್ಲು ಕಳಿಸುವ ದಿನ ನಮ್ಮ ಲೆಕ್ಕಪತ್ರದವರು ಫೋನ್ ಮಾಡಿ, ಕೆಲಸದ ವಿವರದ ಜಾಗದಲ್ಲಿ ಏನು ಬರೆಯಲಿ, ಬ್ರ್ಯಾಂಡ್ ರೂಪಾಂತರ ಎಂದು ಹಾಕಲೇ ಎಂದು ಕೇಳಿದರು. ಅಕ್ಷರ ರಿಪೇರಿ, ಎರಡು ಎಂದು ಬರೆಯಿರಿ ಎಂದೆ. ತಮಾಷೆ ಎಂದುಕೊಂಡು ನಕ್ಕರು.